ಪ್ರತಿಜ್ಞೆಯೋ ಕೃಪೆಯೋ? ‘ಹನ್ನೆರಡು ಹೆಜ್ಜೆ’ಗಳ ದೈವಶಾಸ್ತ್ರೀಯ ವಿಮರ್ಶೆ

ಮದ್ಯವ್ಯಸನವನ್ನು ಕುರಿತು ನಮ್ಮ ಧರ್ಮಕೇಂದ್ರಗಳಲ್ಲಿ ಎರಡು ಭಾಷೆಗಳು ಬಳಕೆಯಲ್ಲಿವೆ. ಬೋಧನಾಪೀಠದಲ್ಲಿ ಅದು ಪಾಪ, ಆಸ್ಪತ್ರೆಯಲ್ಲಿ ಅದು ರೋಗ. ಕುಡಿತಕ್ಕೆ ಬಿದ್ದವನ ಹೆಂಡತಿ ಭಾನುವಾರ ಒಂದು ಮಾತನ್ನು, ಸೋಮವಾರ ಇನ್ನೊಂದು ಮಾತನ್ನು ಕೇಳಿ ಮನೆಗೆ ಮರಳುತ್ತಾಳೆ. ಗಂಡನನ್ನು ಖಂಡಿಸಬೇಕೋ ಶುಶ್ರೂಷೆ ಮಾಡಬೇಕೋ ಎಂಬುದು ಅವಳಿಗೆ ತಿಳಿಯದೆ ಉಳಿಯುತ್ತದೆ. ಈ ಎರಡು ಭಾಷೆಗಳನ್ನು ಕೂಡಿಸಲು ಯತ್ನಿಸಿದ ಆಧುನಿಕ ಕೃತಿಗಳಲ್ಲಿ ಅತ್ಯಂತ ಪ್ರಭಾವಶಾಲಿಯಾದುದು 1939ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’. ಅದೇ ಹೆಸರಿನ ಬಳಗದ ಸಭೆಗಳು ನಮ್ಮ ನಾಡಿನಲ್ಲಿಯೂ ಎಷ್ಟೋ ಕಡೆ ಚರ್ಚಿನ ಸಭಾಂಗಣಗಳಲ್ಲಿ, ಶಾಲೆಯ ಕೊಠಡಿಗಳಲ್ಲಿ ನಡೆಯುತ್ತವೆ. ಆ ಸಭೆಗಳಿಗೆ ಜಾಗ ಕೊಡುವ ಧರ್ಮಸಭೆ ಅಲ್ಲಿ ಆಡುವ ಮಾತಿಗೆ ದೈವಶಾಸ್ತ್ರದ ಕಿವಿಯನ್ನೂ ಕೊಡುವುದು ಉಚಿತ.

ಈ ಕೃತಿಯನ್ನು ಸಾಮಾನ್ಯವಾಗಿ ಆಪ್ತಸಮಾಲೋಚನೆಯ ಕೈಪಿಡಿಯಾಗಿ ಓದಲಾಗುತ್ತದೆ. ನಾವಿಲ್ಲಿ ಅದನ್ನು, ಅದರಲ್ಲಿಯೂ ಅದರ ಹೃದಯವಾದ ಹನ್ನೆರಡು ಹೆಜ್ಜೆಗಳನ್ನು, ದೈವಶಾಸ್ತ್ರದ ಬರಹವಾಗಿ ಓದಬಯಸುತ್ತೇವೆ. ನಮ್ಮ ವಾದ ಇಷ್ಟು: ದೇವರನ್ನು ಕುರಿತು ಆ ಕೃತಿ ಆಡುವ ಮಾತು ಕ್ರೈಸ್ತ ದೃಷ್ಟಿಯಿಂದ ಅಪೂರ್ಣ. ಆದರೆ ಮನುಷ್ಯನನ್ನು ಕುರಿತು ಅದು ಆಡುವ ಮಾತು, ವ್ಯಸನಿಯಿಂದ ಆಣೆ ಮಾಡಿಸಿಕೊಳ್ಳುವ ನಮ್ಮ ಎಷ್ಟೋ ಪ್ರಬೋಧನೆಗಳಿಗಿಂತ ಸಂತ ಪೌಲರಿಗೆ ಹತ್ತಿರವಾದುದು.

ಪ್ರತಿಜ್ಞೆಯ ಪರಂಪರೆ

ಕಥೋಲಿಕ ವಲಯದಲ್ಲಿ ಮದ್ಯವಿರೋಧಿ ಸೇವೆಗೆ ಪ್ರತಿಜ್ಞೆಯೇ ಬಹುಕಾಲದ ಸಾಧನ. 1838ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಕಪುಚಿನ್ ಯಾಜಕ ಥಿಯೊಬಾಲ್ಡ್ ಮ್ಯಾಥ್ಯೂ ಸಂಪೂರ್ಣ ಪಾನತ್ಯಾಗದ ಚಳವಳಿ ಆರಂಭಿಸಿದಾಗ ಲಕ್ಷಾಂತರ ಜನ ಅವರ ಮುಂದೆ ಮೊಣಕಾಲೂರಿ ಪ್ರತಿಜ್ಞೆ ಸ್ವೀಕರಿಸಿದರು. ಕೆಲವೇ ವರ್ಷಗಳಲ್ಲಿ ಮಹಾಕ್ಷಾಮ ಬಂದೆರಗಿತು; ಚಳವಳಿಯ ಆವೇಗ ಇಳಿಯಿತು. 1856ರಲ್ಲಿ ಮ್ಯಾಥ್ಯೂ ತೀರಿಕೊಂಡರು. ಅದೇ ವರ್ಷ ಡಬ್ಲಿನ್‌ನಲ್ಲಿ ಜನಿಸಿದ ಮ್ಯಾಟ್ ಟಾಲ್ಬಟ್ ಎಂಬ ಕೂಲಿಕಾರ ಹುಡುಗತನದಲ್ಲೇ ಕುಡಿತಕ್ಕೆ ಬಿದ್ದು, 1884ರಲ್ಲಿ ಅಲ್ಲಿನ ಹೋಲಿ ಕ್ರಾಸ್ ಗುರುಮಠಕ್ಕೆ ಹೋಗಿ ಯಾಜಕರೊಬ್ಬರ ಬಳಿ ಪ್ರತಿಜ್ಞೆ ತೆಗೆದುಕೊಂಡನು. ಆ ಪ್ರತಿಜ್ಞೆಯ ಅವಧಿ ಕೇವಲ ಮೂರು ತಿಂಗಳು. ಅದು ಮುಗಿದಾಗ ನವೀಕರಿಸಿದನು. ಕಡೆಗೆ ಜೀವನಪರ್ಯಂತಕ್ಕೆ ವಿಸ್ತರಿಸಿದನು. 1925ರಲ್ಲಿ ಬಲಿಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಸಾಯುವವರೆಗೆ, 41 ವರ್ಷ, ಅವನು ಕುಡಿಯಲಿಲ್ಲ. 1975ರಲ್ಲಿ ಧರ್ಮಸಭೆ ಅವನನ್ನು ‘ಪೂಜ್ಯ’ನೆಂದು ಘೋಷಿಸಿತು.

ಹಾಗಾದರೆ ಪ್ರತಿಜ್ಞೆಯೇ ಅವನನ್ನು ಕಾಪಾಡಿತೆ? ಅವನ ಬದುಕನ್ನು ಗಮನಿಸಿದರೆ ಪ್ರತಿಜ್ಞೆ ಬಾಗಿಲು ಮಾತ್ರವಾಗಿ ಕಾಣುತ್ತದೆ. ದಿನನಿತ್ಯದ ಬಲಿಪೂಜೆ, ಪಾಪನಿವೇದನೆ, ಆಧ್ಯಾತ್ಮಿಕ ಮಾರ್ಗದರ್ಶನ, ಪ್ರಾರ್ಥನೆ, ಹಳೆಯ ಸಾಲಗಳ ತೀರುವಳಿ, ಇವು ಮನೆ. ನಮ್ಮಲ್ಲಿ ಬಹಳಷ್ಟು ಸಲ ಬಾಗಿಲನ್ನು ಮಾತ್ರ ಕಟ್ಟಿ ನಿಲ್ಲಿಸಲಾಗುತ್ತದೆ. ಧ್ಯಾನಕೂಟದ ಕೊನೆಯ ದಿನ ಬೈಬಲ್ ಮೇಲೆ ಕೈಯಿಡಿಸುವುದು, ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸುವುದು, ಅನಂತರ ಅವನನ್ನು ಹಳೆಯ ಬೀದಿಗೇ ಕಳಿಸಿಬಿಡುವುದು. ವಾರದೊಳಗೆ ಅವನು ಮತ್ತೆ ಕುಡಿಯುತ್ತಾನೆ. ಈಗ ಅವನ ಹೆಗಲ ಮೇಲೆ ಕುಡಿತದ ಜೊತೆಗೆ ಆಣೆ ಮುರಿದ ಹೊರೆಯೂ ಇದೆ. ಆ ಹೊರೆಯ ನಾಚಿಕೆಗೆ ಅವನು ಚರ್ಚಿನ ಕಡೆ ತಲೆ ಹಾಕುವುದನ್ನೂ ಬಿಡುತ್ತಾನೆ.

ಧರ್ಮಸಭೆಯ ಕಾನೂನೇ ಇಲ್ಲಿ ಎಚ್ಚರಿಕೆ ಹೇಳುತ್ತದೆ. ಕಾನೂನು ಸಂಹಿತೆಯ 1191ನೆಯ ವಿಧಿಯಂತೆ ವ್ರತವೆಂದರೆ ದೇವರಿಗೆ ಸ್ವತಂತ್ರವಾಗಿ, ವಿವೇಚನೆಯಿಂದ ಮಾಡುವ ವಾಗ್ದಾನ. ವಾಗ್ದಾನದ ವಸ್ತು ಸಾಧ್ಯವಾದ ಹಾಗೂ ಶ್ರೇಷ್ಠವಾದ ಒಳಿತಾಗಿರಬೇಕು. ‘ಸಾಧ್ಯವಾದ’ ಎಂಬ ಮಾತನ್ನು ನಾವು ಮರೆಯಲಾಗದು. ಸಂಕಲ್ಪಶಕ್ತಿಯೇ ರೋಗಪೀಡಿತವಾದವನಲ್ಲಿ ಆಜೀವ ಸಂಕಲ್ಪವನ್ನು ಕೇಳುವುದು, ಕಾಲು ಮುರಿದವನಿಗೆ ನಡೆದು ಬಂದರೆ ಔಷಧಿ ಕೊಡುತ್ತೇನೆ ಎಂದಂತೆ.

ಸೋಲಿನ ಒಪ್ಪಿಗೆ

ಹನ್ನೆರಡು ಹೆಜ್ಜೆಗಳು ಇದಕ್ಕೆ ತೀರಾ ವಿರುದ್ಧವಾದ ಕಡೆಯಿಂದ ಆರಂಭವಾಗುತ್ತವೆ. ಮೊದಲನೆಯ ಹೆಜ್ಜೆ ಏನನ್ನೂ ಮಾಡಲು ಹೇಳುವುದಿಲ್ಲ. ಮದ್ಯದ ಮುಂದೆ ತಾನು ಶಕ್ತಿಹೀನನೆಂದು ಒಪ್ಪಿಕೊಳ್ಳಲು ಹೇಳುತ್ತದೆ. ತನಗಿಂತ ದೊಡ್ಡದಾದ ಶಕ್ತಿಯೊಂದು ತನ್ನನ್ನು ಸ್ವಸ್ಥಗೊಳಿಸಬಲ್ಲದೆಂಬ ನಂಬಿಕೆ ಎರಡನೆಯದು, ತನ್ನ ಬದುಕನ್ನು ದೇವರ ಕೈಗೊಪ್ಪಿಸುವ ನಿರ್ಧಾರ ಮೂರನೆಯದು. ರೋಮನರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಸಂತ ಪೌಲರು ಬಯಸಿದ ಒಳಿತನ್ನು ಮಾಡಲಾಗದೆ, ದ್ವೇಷಿಸಿದ ಕೆಡುಕನ್ನೇ ಮಾಡುವ ಮನುಷ್ಯನ ಒಳಗುದಿಯನ್ನು ವಿವರಿಸುತ್ತಾರೆ; ತನ್ನನ್ನು ಬಿಡಿಸುವವರು ಯಾರೆಂದು ಕೂಗಿದ ಮೇಲೆಯೇ ಕೃತಜ್ಞತೆಯ ಮಾತಿಗೆ ಬರುತ್ತಾರೆ. ಪೆಲಾಜಿಯಸನ ಎದುರು ಸಂತ ಅಗಸ್ಟೀನರು ವಾದಿಸಿದ್ದು ಇದನ್ನೇ. 529ರ ಆರೆಂಜ್ ಸಮ್ಮೇಳನ ವಿಶ್ವಾಸದ ಮೊದಲ ಚಲನೆಯೂ ಕೃಪೆಯ ಕೊಡುಗೆಯೆಂದು ಸಾರಿತು. ಆಣೆ ಮಾಡಿಸುವ ನಮ್ಮ ಧ್ಯಾನಕೂಟ ಅರಿಯದೆಯೇ ಪೆಲಾಜಿಯಸನ ಪಕ್ಷದಲ್ಲಿ ನಿಂತಿರುವಾಗ, ಯಾವ ಮತಕ್ಕೂ ಸೇರದ ಈ ಬಳಗ ಅಗಸ್ಟೀನರ ಪಕ್ಕದಲ್ಲಿ ಕುಳಿತಿದೆ.

ಹಾಗೆಂದರೆ ವ್ಯಸನಿಗೆ ಹೊಣೆಯೇ ಇಲ್ಲವೆ? ನೈತಿಕ ದೈವಶಾಸ್ತ್ರ ಇಲ್ಲಿ ಹಿಂದಿನಿಂದಲೂ ವಿವೇಕದಿಂದ ನಡೆದಿದೆ. ಸಂತ ಥಾಮಸ್ ಅಕ್ವಿನಾಸರು ಕುಡಿತದ ಪಾಪವನ್ನು ವಿಚಾರಿಸುವಾಗ, ಪಾನೀಯದ ಬಲವನ್ನು ಅರಿಯದೆ ಕುಡಿದು ಮತ್ತನಾದ ನೋಹನಂಥವನನ್ನು ಅರಿತೂ ಕುಡಿದವನಿಂದ ಬೇರೆಯಾಗಿ ಎಣಿಸುತ್ತಾರೆ. ರೂಢಿ, ಭಯ, ಮಾನಸಿಕ ಕಾರಣಗಳು ಕೃತ್ಯದ ಹೊಣೆಯನ್ನು ತಗ್ಗಿಸಬಹುದು, ಇಲ್ಲವಾಗಿಸಲೂಬಹುದು ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ 1735ನೆಯ ಪರಿಚ್ಛೇದದಲ್ಲಿ ಹೇಳುತ್ತದೆ. ಆದ್ದರಿಂದ ಪಾಪವೋ ರೋಗವೋ ಎಂಬ ಪ್ರಶ್ನೆಯೇ ಸರಿಯಾದುದಲ್ಲ. ಮುಂದಿನ ಲೋಟವನ್ನು ತಡೆಯುವ ಶಕ್ತಿ ಅವನಿಗಿಲ್ಲದಿರಬಹುದು. ಸಹಾಯವನ್ನು ಕೇಳುವ, ಚಾಚಿದ ಕೈಯನ್ನು ಹಿಡಿಯುವ ಸ್ವಾತಂತ್ರ್ಯ ಮಾತ್ರ ಬಹುಮಟ್ಟಿಗೆ ಉಳಿದಿರುತ್ತದೆ. ಅವನ ಹೊಣೆ ಅಲ್ಲಿದೆ. ನಮ್ಮ ಮಾತು ಮುಟ್ಟಬೇಕಾದ ಜಾಗವೂ ಅದೇ.

ಯಾವ ದೇವರು?

ಈ ಬಳಗದ ಹುಟ್ಟು ಕ್ರೈಸ್ತ ನೆಲದಲ್ಲಿಯೇ ಆದದ್ದು. ಸಂಸ್ಥಾಪಕರಾದ ಬಿಲ್ ವಿಲ್ಸನ್ ಮತ್ತು ವೈದ್ಯ ರಾಬರ್ಟ್ ಸ್ಮಿತ್ ಇಬ್ಬರೂ ‘ಆಕ್ಸ್‌ಫರ್ಡ್ ಗ್ರೂಪ್’ ಎಂಬ ಕ್ರೈಸ್ತ ಪುನಶ್ಚೇತನ ಚಳವಳಿಯ ಸಂಪರ್ಕದಲ್ಲಿದ್ದವರು. 1935ರಲ್ಲಿ ಒಹಾಯೊ ರಾಜ್ಯದ ಆಕ್ರನ್‌ನಲ್ಲಿ ಅವರ ಭೇಟಿಯಾಯಿತು. 1940ರಲ್ಲಿ ಸೇಂಟ್ ಲೂಯಿಸ್‌ನ ಯೇಸುಸಭೆಯ ಯಾಜಕ ಎಡ್ವರ್ಡ್ ಡೌಲಿಂಗ್ ವಿಲ್ಸನ್ನರನ್ನು ಕಂಡರು. ಹನ್ನೆರಡು ಹೆಜ್ಜೆಗಳಿಗೂ ಸಂತ ಇಗ್ನೇಷಿಯಸರ ಆಧ್ಯಾತ್ಮಿಕ ಸಾಧನೆಗಳಿಗೂ ಇರುವ ಹೋಲಿಕೆ ಅವರ ಗಮನ ಸೆಳೆದಿತ್ತು. ಆದರೂ ನಾಸ್ತಿಕರಾಗಿದ್ದ ಸದಸ್ಯರ ಒತ್ತಾಯದಿಂದ, ದೇವರನ್ನು ಅವರವರ ಅರಿವಿಗೆ ಎಟುಕಿದಂತೆ ಗ್ರಹಿಸಲು ಕೃತಿ ಅವಕಾಶ ಕೊಟ್ಟಿತು. ಕ್ರಿಸ್ತನ ಹೆಸರು ಹೆಜ್ಜೆಗಳಲ್ಲಿಲ್ಲ.

ಇದು ನಮ್ಮ ಮೊದಲ ಆಕ್ಷೇಪ. ನನ್ನ ಅರಿವಿನ ಅಳತೆಗೆ ಹೊಲಿದ ದೇವರು ನನ್ನನ್ನು ತಿದ್ದಬಲ್ಲನೆ? ಬೈಬಲ್ ಅಂಥದ್ದನ್ನು ವಿಗ್ರಹವೆಂದು ಕರೆಯುತ್ತದೆ. ಆದರೆ ಅಥೆನ್ಸಿನಲ್ಲಿ ಅಜ್ಞಾತ ದೇವರ ಬಲಿಪೀಠವನ್ನು ಕಂಡ ಪೌಲರು ಅದನ್ನು ಒಡೆಯಲಿಲ್ಲ. ಅಲ್ಲಿಂದಲೇ ಮಾತು ಆರಂಭಿಸಿದರು. ಹೆಜ್ಜೆಗಳ ದೇವರನ್ನು ನಾವು ಗುಡಿಯ ಗರ್ಭವೆಂದು ತಿಳಿಯದೆ ಮುಖಮಂಟಪವೆಂದು ತಿಳಿದರೆ ಎರಡಕ್ಕೂ ನ್ಯಾಯ ಸಲ್ಲುತ್ತದೆ. ಮಂಟಪದಲ್ಲಿ ನಿಂತವನನ್ನು ಒಳಗೆಳೆಯುವ ಅವಸರವೂ ಸಲ್ಲದು. ಸೆರೆಯಾಳುಗಳನ್ನು ಈ ಬಗೆಯ ಸಭೆಗಳಿಗೆ ಕಡ್ಡಾಯವಾಗಿ ಕಳಿಸುವುದು ಧಾರ್ಮಿಕ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 1996ರಲ್ಲಿ ನ್ಯೂಯಾರ್ಕ್ ರಾಜ್ಯದ ಉಚ್ಚ ನ್ಯಾಯಪೀಠ ತೀರ್ಪಿತ್ತಿತು. ಒತ್ತಾಯದ ಧರ್ಮ ಧರ್ಮವಲ್ಲವೆಂಬುದು ಎರಡನೆಯ ವ್ಯಾಟಿಕನ್ ಮಹಾಸಭೆಯ ಉಪದೇಶವೂ ಹೌದು. ಚಿಕಿತ್ಸೆಯ ಹಾಸಿಗೆಗೆ ಮತಾಂತರ ಬೆಲೆಯಾಗಬಾರದು.

ಎರಡನೆಯ ಆಕ್ಷೇಪ ಕ್ಷಮೆಗೆ ಸಂಬಂಧಿಸಿದ್ದು. ನಾಲ್ಕನೆಯ ಹೆಜ್ಜೆ ಆತ್ಮಶೋಧನೆ. ಐದನೆಯದು ತನ್ನ ತಪ್ಪುಗಳನ್ನು ದೇವರ ಮುಂದೆ, ಇನ್ನೊಬ್ಬ ಮನುಷ್ಯನ ಮುಂದೆ ಹೇಳಿಕೊಳ್ಳುವುದು. ಆದರೆ ಎಲ್ಲವನ್ನೂ ಹೇಳಿ ಮುಗಿಸಿದವನ ಕಿವಿಗೆ ಪಾಪಕ್ಷಮೆಯ ಮಾತು ಬೀಳುವುದಿಲ್ಲ. ಆ ಮಾತು ನಮ್ಮ ಸಂಸ್ಕಾರದಲ್ಲಿದೆ. ಇತ್ತ ಒಂಬತ್ತನೆಯ ಹೆಜ್ಜೆ ಕೇಳುವುದು ನಮ್ಮ ಪಾಪನಿವೇದನೆಯಲ್ಲಿ ಸೊರಗಿದೆ: ಹಾನಿಗೊಳಗಾದವರಿಗೆ ನೇರವಾಗಿ ಪರಿಹಾರ. ಹೆಂಡತಿಯ ಒಡವೆ ಅಡವಿಟ್ಟು ಕುಡಿದವನಿಗೆ ಮೂರು ಜಪ ಹೇಳೆಂದು ಕಳಿಸಿದರೆ ಒಡವೆಯ ಪ್ರಶ್ನೆ ಹಾಗೇ ಉಳಿಯುತ್ತದೆ. ಜಕ್ಕಾಯ ನಾಲ್ಕು ಪಟ್ಟು ಹಿಂದಿರುಗಿಸಲು ಎದ್ದು ನಿಂತವನು. ಟಾಲ್ಬಟ್ ಕುಡಿಯುತ್ತಿದ್ದ ಕಾಲದಲ್ಲಿ ಒಬ್ಬ ಪಿಟೀಲುವಾದಕನ ಪಿಟೀಲು ಕದ್ದಿದ್ದನು. ಅನಂತರ ವರ್ಷಗಟ್ಟಲೆ ಅವನನ್ನು ಹುಡುಕಿ, ಸಿಗದಿದ್ದಾಗ ಆ ಹಣದಿಂದ ಅವನಿಗಾಗಿ ಬಲಿಪೂಜೆ ಅರ್ಪಿಸಿದನೆಂದು ಅವನ ಚರಿತ್ರೆ ಹೇಳುತ್ತದೆ. ಕ್ಷಮೆಯೂ ಪರಿಹಾರವೂ ಒಂದಾಗಬೇಕು.

ಮನೆಯ ಮಾತು, ಮಾರುಕಟ್ಟೆಯ ಮಾತು

ಕೃತಿಯಲ್ಲಿ ಹೆಂಡತಿಯರನ್ನು ಉದ್ದೇಶಿಸಿದ ಅಧ್ಯಾಯವೊಂದಿದೆ. ಅದು ಹೆಂಡತಿಯರ ದನಿಯಲ್ಲಿದ್ದರೂ ಬರೆದವರು ಸ್ವತಃ ಬಿಲ್ ವಿಲ್ಸನ್. ಅವರ ಪತ್ನಿ ಲೂಯಿಸ್ ಅವರಿಗೆ ಅದನ್ನು ಬರೆಯುವ ಅವಕಾಶ ಸಿಗಲಿಲ್ಲ. ತಾಳ್ಮೆಯೇ ಆ ಅಧ್ಯಾಯದ ಮುಖ್ಯ ಸಲಹೆ. 1951ರಲ್ಲಿ ಲೂಯಿಸ್ ಅವರು ವ್ಯಸನಿಗಳ ಕುಟುಂಬದವರಿಗಾಗಿಯೇ ‘ಅಲ್-ಅನಾನ್’ ಬಳಗವನ್ನು ಕಟ್ಟಿದ್ದು ಗಮನಾರ್ಹ. ನಮ್ಮ ಪಾಲನಾಸೇವೆಯೂ ಇಲ್ಲಿ ಕಲಿಯಬೇಕು. ಹೊಡೆತ ತಿನ್ನುವವಳಿಗೆ ಶಿಲುಬೆಯನ್ನು ಹೊರು ಎನ್ನುವುದು ಸುಲಭ. ಆ ಶಿಲುಬೆಯನ್ನು ಮಾಡಿದವನು ಯಾರೆಂದು ಕೇಳುವುದು ಕಷ್ಟ. ಗಂಡನ ಚೇತರಿಕೆಗೆ ಅವಳ ಸುರಕ್ಷತೆಯನ್ನು ಒತ್ತೆಯಿಡುವ ಹಕ್ಕು ಯಾಜಕನಿಗಿಲ್ಲ.

ಬಳಗ ಹೊರಗಿನ ವಿವಾದಗಳಲ್ಲಿ ಅಭಿಪ್ರಾಯ ಹೇಳದಿರುವ ಸಂಪ್ರದಾಯವನ್ನು ಪಾಲಿಸುತ್ತದೆ. ಅದರ ಮಟ್ಟಿಗೆ ಅದು ಸರಿ. ಧರ್ಮಸಭೆಗೆ ಆ ಮೌನ ಸಲ್ಲದು. 2007ರಲ್ಲಿ ಕರ್ನಾಟಕ ಸಾರಾಯಿಯನ್ನು ನಿಷೇಧಿಸಿತು. ಅಬಕಾರಿ ವರಮಾನ ಮಾತ್ರ ರಾಜ್ಯದ ಬೊಕ್ಕಸದ ದೊಡ್ಡ ಆಧಾರಗಳಲ್ಲೊಂದಾಗಿ ಉಳಿಯಿತು. 1987ರ ವಿಶ್ವಪತ್ರದಲ್ಲಿ ಎರಡನೆಯ ಜಾನ್ ಪೌಲರು ‘ಪಾಪದ ರಚನೆಗಳು’ ಎಂದು ಕರೆದದ್ದು ಇಂಥದ್ದಕ್ಕೂ ಅನ್ವಯಿಸುತ್ತದೆ. ಕುಡಿದವನ ಆತ್ಮಶೋಧನೆಯ ಜೊತೆಗೆ ಕುಡಿಸಿದವರ ಆತ್ಮಶೋಧನೆಯೂ ಆಗಬೇಕು.

ವೈದ್ಯ ಮತ್ತು ಯಾಜಕ

ಬಿಲ್ ವಿಲ್ಸನ್ನರ ಬದುಕನ್ನು ತಿರುಗಿಸಿದ ದೈವಾನುಭವ ನಡೆದದ್ದು 1934ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯಲ್ಲಿ, ವೈದ್ಯ ಸಿಲ್ಕ್‌ವರ್ತ್ ಅವರ ಆರೈಕೆಯಲ್ಲಿದ್ದಾಗ. ಕೃತಿಯ ಆರಂಭದಲ್ಲಿಯೇ ಆ ವೈದ್ಯರ ಅಭಿಪ್ರಾಯವಿದೆ. 1939ರಿಂದ ಆಕ್ರನ್‌ನ ಸಂತ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯ ಸ್ಮಿತ್ ಅವರೂ ಸನ್ಯಾಸಿನಿ ಇಗ್ನೇಷಿಯಾ ಅವರೂ ಜೊತೆಯಾಗಿ ವ್ಯಸನಿಗಳನ್ನು ಸೇರಿಸಿಕೊಂಡರು. ಔಷಧವೂ ಪ್ರಾರ್ಥನೆಯೂ ಒಂದೇ ಹಾಸಿಗೆಯ ಎರಡು ಬದಿಯಲ್ಲಿ ನಿಂತದ್ದು ಈ ಚಳವಳಿಯ ಮೊದಲ ಪಾಠ.

ಇದನ್ನು ನಾವು ಒತ್ತಿ ಹೇಳಲು ಕಾರಣವಿದೆ. ವರ್ಷಗಟ್ಟಲೆ ವಿಪರೀತ ಕುಡಿದ ದೇಹಕ್ಕೆ ಮದ್ಯ ಒಮ್ಮೆಲೇ ನಿಂತರೆ ನಡುಕ, ಫಿಟ್ಸ್, ಎರಡು ಮೂರು ದಿನಗಳಲ್ಲಿ ಭ್ರಾಂತಿ ಮತ್ತು ಜ್ವರ ಕಾಣಿಸಿಕೊಳ್ಳಬಹುದು, ಪ್ರಾಣವೂ ಹೋಗಬಹುದು. ವೈದ್ಯರ ಕಣ್ಗಾವಲಿಲ್ಲದ ಐದು ದಿನಗಳ ಪ್ರಾರ್ಥನಾ ಶಿಬಿರ ಅಂಥವನಿಗೆ ಅಪಾಯ. ಅವನ ಭ್ರಾಂತಿಯನ್ನು ದೆವ್ವದ ಬಾಧೆಯೆಂದು ತಿಳಿದರೆ ಅಪಾಯ ಇಮ್ಮಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ; ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಮೊದಲು ಅಲ್ಲಿಗೆ ಕಳಿಸುವುದು ವಿಶ್ವಾಸದ ಕೊರತೆಯಲ್ಲ.

ಧರ್ಮದ ಪಾತ್ರ ನಿಜವಾಗಿ ಹಿಗ್ಗುವುದು ಆಸ್ಪತ್ರೆಯಿಂದ ಹೊರಬಂದ ಮೇಲೆ. 2020ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ 27 ಅಧ್ಯಯನಗಳನ್ನು, 10,565 ಜನರನ್ನು ಒಳಗೊಂಡಿತ್ತು. ಹನ್ನೆರಡು ಹೆಜ್ಜೆಗಳ ಕಡೆಗೆ ಒಯ್ಯುವ ಕ್ರಮಬದ್ಧ ಚಿಕಿತ್ಸೆ, ನಿರಂತರ ಪಾನತ್ಯಾಗದ ವಿಷಯದಲ್ಲಿ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಉತ್ತಮ ಫಲ ಕೊಟ್ಟಿತೆಂದು ಅದು ತೋರಿಸಿತು. ಇದು ದೇವರ ಅಸ್ತಿತ್ವಕ್ಕೆ ಪುರಾವೆಯಲ್ಲ. ಒಬ್ಬನ ಕೈಲಾಗದ್ದು ಕೂಡಿ ಕುಳಿತವರ ನಡುವೆ ಆಗುತ್ತದೆಂಬುದಕ್ಕೆ ಪುರಾವೆ. ಧರ್ಮಸ್ಥಳದ ಯೋಜನೆಯ ಮದ್ಯವರ್ಜನ ಶಿಬಿರಗಳು ನಮ್ಮ ನಾಡಿಗೆ ಪರಿಚಿತ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಒಟ್ಟಿಗೆ ಇರಿಸುವ ಅವರ ಕ್ರಮದಿಂದ ನಾವೂ ಕಲಿಯಬಹುದು. ಕುಡಿತ ಬಿಟ್ಟು ಹತ್ತು ದಿನವಾಗದವನನ್ನು ಧ್ಯಾನಕೂಟದ ವೇದಿಕೆ ಹತ್ತಿಸಿ ಸಾಕ್ಷ್ಯ ಹೇಳಿಸುವ ನಮ್ಮ ರೂಢಿಗಿಂತ, ಹೆಸರು ಹೇಳದೆ ವಾರವಾರ ಸೇರುವ ಎ.ಎ. ಬಳಗದ ವಿನಯ ಹೆಚ್ಚು ಸುರಕ್ಷಿತ.

ಪಾನಪಾತ್ರೆಯ ಮುಂದೆ

ಕಡೆಯದಾಗಿ, ನಮ್ಮ ಪೂಜಾಪೀಠದ ಮೇಲೆಯೇ ದ್ರಾಕ್ಷಾರಸವಿದೆ. ಚೇತರಿಸಿಕೊಳ್ಳುತ್ತಿರುವ ವಿಶ್ವಾಸಿ ರೊಟ್ಟಿಯ ರೂಪದಲ್ಲಿ ಮಾತ್ರ ಪರಮಪ್ರಸಾದ ಸ್ವೀಕರಿಸಿದರೂ ಕ್ರಿಸ್ತನನ್ನು ಸಂಪೂರ್ಣವಾಗಿಯೇ ಸ್ವೀಕರಿಸುತ್ತಾನೆ. ಯಾಜಕನೇ ವ್ಯಸನಿಯಾಗಿದ್ದರೆ? ವಿಶ್ವಾಸತತ್ವದ ಪರಿಷತ್ತು 2003ರ ಸುತ್ತೋಲೆಯಲ್ಲಿ, ಹುದುಗುವಿಕೆಯನ್ನು ತಡೆದಿಟ್ಟ ದ್ರಾಕ್ಷಿಯ ರಸವನ್ನು, ಅಂದರೆ ‘ಮುಸ್ತುಮ್’ ಅನ್ನು, ಧರ್ಮಾಧ್ಯಕ್ಷರ ಅನುಮತಿಯಿಂದ ಬಳಸಲು ಅವಕಾಶವಿತ್ತಿದೆ. ಧರ್ಮಸಭೆ ಅಲ್ಲಿ ಆ ಯಾಜಕನಿಂದ ಇನ್ನಷ್ಟು ಗಟ್ಟಿಯಾದ ಆಣೆಯನ್ನು ಕೇಳಲಿಲ್ಲ; ಅವನ ದೌರ್ಬಲ್ಯಕ್ಕೆ ಜಾಗ ಮಾಡಿ, ಪೂಜಾಪೀಠದಿಂದ ದೂರವಾಗದಂತೆ ನೋಡಿಕೊಂಡಿತು. ಪಾಲನಾಸೇವೆಗೆ ಹೊರಡುವ ನಮ್ಮ ಗುರುಮಠದ ವಿದ್ಯಾರ್ಥಿಗಳು ಅದೇ ನಡೆಯನ್ನು ಧರ್ಮಕೇಂದ್ರದ ಕೊನೆಯ ಬೀದಿಯವರೆಗೂ ಒಯ್ಯಬೇಕೆಂಬುದು ನಮ್ಮ ಆಶಯ. ಕುಡಿದು ಮತ್ತೆ ಬಂದವನ ಹಿಂದಿನ ಆಣೆಯನ್ನು ನೆನಪಿಸುವ ಮೊದಲು, ಮುಂದಿನ ಸಭೆ ಯಾವ ದಿನ, ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ಅವನಿಗೆ ತಿಳಿಸುವುದರಿಂದ ಆರಂಭಿಸಬಹುದು.