ಮೊಳಕೆಯಲ್ಲಿ ಕಾಣದ ಸಿರಿ

ಬೆಳೆವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಎಂದು ನಂಬಿದವರು ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ 1995ರ ಸಸಿಮಡಿಯನ್ನು ಒಮ್ಮೆ ನೋಡಬೇಕು. ಬಿಲ್ ಪಲ್ಸಿಫರ್, ಜೇಸನ್ ಇಸ್ರಿಂಗ್‌ಹೌಸನ್, ಪಾಲ್ ವಿಲ್ಸನ್ ಎಂಬ ಮೂವರು ಎಳೆಯ ಪಿಚರ್‌ಗಳಿಗೆ ಆಗ ‘ಜನರೇಷನ್ ಕೆ’ ಎಂಬ ಬಿರುದು ಅಂಟಿತ್ತು. ಸ್ಕೋರ್ ಪಟ್ಟಿಯಲ್ಲಿ ಸ್ಟ್ರೈಕ್‌ಔಟ್‌ಗೆ ಹಾಕುವ ಗುರುತು ‘ಕೆ’. ವಿಲ್ಸನ್ ಹೊಸ ಆಟಗಾರರನ್ನು ಆರಿಸುವ 1994ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು. ಪಲ್ಸಿಫರ್ 1991ರ ಎರಡನೇ ಸುತ್ತಿನವನು. ಇಸ್ರಿಂಗ್‌ಹೌಸನ್ ಅದೇ ವರ್ಷದ 44ನೇ ಸುತ್ತಿನವನು, ಅಂದರೆ ಅಂಗಡಿ ಮುಚ್ಚುವ ಹೊತ್ತಿಗೆ ಕೂಗಿದ ಹೆಸರು. ಮೇಜರ್ ಲೀಗ್‌ನ ಒಂದೇ ಋತುವಿನಲ್ಲಿ ಈ ಮೂವರೂ ಮೆಟ್ಸ್‌ಗಾಗಿ ಎಸೆದದ್ದು ಒಮ್ಮೆಯೂ ಇಲ್ಲ. ಅದನ್ನೇ ಹಿಡಿದು ಇವರದ್ದು ಮುರಿದುಬಿದ್ದ ಕಥೆ ಎನ್ನುವುದು ವಾಡಿಕೆ. ಮುರಿದದ್ದು ನಿಜ. ಆದರೆ ತೋಳು ಕೂಡಿಕೊಂಡ ಮೇಲೆ ಅದಕ್ಕೆ ಯಾವ ಕೆಲಸ ಒಗ್ಗುತ್ತದೆ ಎಂದು ನೋಡದೆ ಹೋದದ್ದು ಅದಕ್ಕಿಂತ ದೊಡ್ಡ ತಪ್ಪು, ಮತ್ತು ಆ ತಪ್ಪು ತಂಡದ್ದು.

ಮಿತಿಮೀರಿ ದುಡಿಸಿ ತೋಳು ಕೆಡಿಸಿದರು ಎನ್ನುವವರಿಗೆ ಅಂಕಿಗಳ ಬೆಂಬಲವಿದೆ. ಇಪ್ಪತ್ತರ ಪಲ್ಸಿಫರ್ 1994ರಲ್ಲಿ ಬಿಂಗ್‌ಹ್ಯಾಮ್ಟನ್‌ನ ಮೈನರ್ ಲೀಗ್ ತಂಡಕ್ಕೆ 201 ಇನ್ನಿಂಗ್ಸ್ ಎಸೆದ. ಮರುವರ್ಷ ಇಸ್ರಿಂಗ್‌ಹೌಸನ್ ಮೂರು ಹಂತಗಳಲ್ಲಿ ಒಟ್ಟು 221 ಎಸೆದ. ಪಲ್ಸಿಫರ್‌ನ 1996 ಪೂರ್ತಿ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋಯಿತು. ಹಾಗಾದರೆ ಲೆಕ್ಕವಿಟ್ಟು ಎಸೆಸಿದ್ದರೆ ಉಳಿಯುತ್ತಿದ್ದರೇ? ಇದೇ ಮೆಟ್ಸ್ ಇಪ್ಪತ್ತು ವರ್ಷಗಳ ಬಳಿಕ ಎಣಿಸಿ ಎಣಿಸಿ ಎಸೆಸುವ ಕಾಲದಲ್ಲಿ ಮ್ಯಾಟ್ ಹಾರ್ವಿ, ಜಾಕ್ ವೀಲರ್, ನೋವಾ ಸಿಂಡರ್‌ಗಾರ್ಡ್, ಸ್ಟೀವನ್ ಮ್ಯಾಟ್ಸ್, ಜೇಕಬ್ ಡಿಗ್ರಾಮ್ ಎಂಬ ಇನ್ನೊಂದು ಮಡಿ ಬೆಳೆಸಿತು. ಒಂದಲ್ಲ ಒಂದು ಹಂತದಲ್ಲಿ ಐವರ ಮೊಣಕೈಗೂ ಕತ್ತಿ ಬಿತ್ತು. (ಆ ಐವರಲ್ಲಿ 2018 ಮತ್ತು 2019ರ ಸೈ ಯಂಗ್ ಪ್ರಶಸ್ತಿ ಪಡೆದವನು ಒಂಬತ್ತನೇ ಸುತ್ತಿನ ಡಿಗ್ರಾಮ್, ಕಾಲೇಜಿನಲ್ಲಿ ಅವನು ಹೆಚ್ಚಾಗಿ ಶಾರ್ಟ್‌ಸ್ಟಾಪ್ ಆಗಿದ್ದ.) ಅತಿ ದುಡಿಮೆಯನ್ನು ನಾನು ಸಮರ್ಥಿಸುತ್ತಿಲ್ಲ. ವೇಗದ ಪಿಚರ್‌ನ ತೋಳು ಮುರಿಯುವುದು ಈ ಕಸುಬಿನಲ್ಲಿ ಅಪರೂಪವಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇಸ್ರಿಂಗ್‌ಹೌಸನ್‌ಗೆ ಬಂದದ್ದು ಒಂದೆರಡು ಕಷ್ಟವಲ್ಲ. ಒಂದರ ಮೇಲೊಂದು ಶಸ್ತ್ರಚಿಕಿತ್ಸೆ, ಕಸದ ಡಬ್ಬಿಗೆ ಗುದ್ದಿ ಮುರಿದುಕೊಂಡ ಮಣಿಕಟ್ಟು, ಸಾಲದ್ದಕ್ಕೆ ಕ್ಷಯ. 1999ರ ಜುಲೈ ಕೊನೆಯಲ್ಲಿ ಮೆಟ್ಸ್ ಅವನನ್ನು ಓಕ್‌ಲ್ಯಾಂಡ್‌ಗೆ ಕೊಟ್ಟು, 37ರ ಪಿಚರ್ ಬಿಲ್ಲಿ ಟೇಲರ್‌ನನ್ನು ತಂದುಕೊಂಡಿತು. ಟೇಲರ್ ಮೆಟ್ಸ್‌ಗೆ ಇಪ್ಪತ್ತು ಪಂದ್ಯವನ್ನೂ ಆಡಲಿಲ್ಲ. ಓಕ್‌ಲ್ಯಾಂಡ್ ಇಸ್ರಿಂಗ್‌ಹೌಸನ್‌ಗೆ ಕೊನೆಯ ಇನ್ನಿಂಗ್ಸ್ ಕಾಯುವ ಕ್ಲೋಸರ್ ಕೆಲಸ ಕೊಟ್ಟಿತು. ಮರುವರ್ಷವೇ 33 ಸೇವ್ (ಮುನ್ನಡೆ ಕಾಯ್ದು ಮುಗಿಸಿದ ಪಂದ್ಯಗಳು), ಆಲ್‌ಸ್ಟಾರ್ ಪಟ್ಟ. ಆಮೇಲೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನಲ್ಲಿ 217 ಸೇವ್, ಅದು ಆ ತಂಡದ ದಾಖಲೆ. ಮುನ್ನೂರನೆಯದು ಸಿಕ್ಕಿದ್ದು 2011ರ ಆಗಸ್ಟ್‌ನಲ್ಲಿ, 38ರ ಪ್ರಾಯದಲ್ಲಿ, ಮರಳಿ ಬಂದು ತೊಟ್ಟ ಮೆಟ್ಸ್ ಅಂಗಿಯಲ್ಲೇ.

ಆಗಿಹೋದ ಮೇಲೆ ಜಾಣತನ ಸುಲಭ, ಪ್ಲೇಆಫ್ ಹಾದಿಯಲ್ಲಿದ್ದ ತಂಡಕ್ಕೆ ಪಳಗಿದ ಕೈ ಬೇಕಿತ್ತು ಎನ್ನಬಹುದು. ಒಪ್ಪುತ್ತೇನೆ, ಆದರೆ ಅರ್ಧದಷ್ಟು. ಓಕ್‌ಲ್ಯಾಂಡ್ ನೋಡಿದ್ದೂ ಅದೇ ಬೇಸಿಗೆಯ ಅದೇ ತೋಳನ್ನು. ಮೆಟ್ಸ್ ತಾನೇ ಆ ವರ್ಷ ಅವನನ್ನು ಕೆಲವು ಪಂದ್ಯಗಳ ನಡುವೆ ಇಳಿಸಿಯೂ ಇತ್ತು. ಪಂದ್ಯ ಆರಂಭಿಸುವ ಸ್ಟಾರ್ಟರ್ ಎಂದು ಬರೆದಿಟ್ಟ ಹಣೆಬರಹವನ್ನು ತಿದ್ದಲು ಮಾತ್ರ ಮನಸ್ಸಾಗಲಿಲ್ಲ. ವಿಲ್ಸನ್‌ನದ್ದು ನಡುವಿನ ದಾರಿ: ಮೆಟ್ಸ್‌ನಲ್ಲಿ 1996ರ 5 ಗೆಲುವು, 12 ಸೋಲು, ಭುಜ, ಮೊಣಕೈ ದುರಸ್ತಿಯಾದ ಮೇಲೆ 2004ರಲ್ಲಿ ಸಿನ್ಸಿನಾಟಿ ರೆಡ್ಸ್‌ಗೆ 11 ಗೆಲುವು.

ಪಲ್ಸಿಫರ್ ಮಾತ್ರ ನನ್ನ ವಾದಕ್ಕೆ ಒಗ್ಗುವುದಿಲ್ಲ. ಹಲವು ತಂಡ ಸುತ್ತಿದರೂ ಅವನಿಗೆ ದಕ್ಕಿದ್ದು 13 ಗೆಲುವು. 2005ರಲ್ಲಿ ಮೇಜರ್ ಲೀಗ್‌ನಲ್ಲಿ ಕೊನೆಯ ಕೆಲವು ಪಂದ್ಯಗಳನ್ನು ಅವನು ಆಡಿದ್ದು ಕಾರ್ಡಿನಲ್ಸ್‌ಗೆ. ಆಗ ಆ ತಂಡದ ಕ್ಲೋಸರ್ ಇಸ್ರಿಂಗ್‌ಹೌಸನ್.