ಚೋಮನನ್ನು ತಡೆದವರು ಯಾರು?

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಅಸ್ಪೃಶ್ಯತೆಯ ಕಥೆಯೆಂದಷ್ಟೇ ಓದಿದರೆ ಸಾಲದು. ತುಂಡು ಭೂಮಿ ಪಡೆದು ತಾನೇ ಬೇಸಾಯ ಮಾಡಬೇಕೆಂಬುದು ಚೋಮನ ಆಸೆ. ಒಡೆಯ ಸಂಕಪ್ಪಯ್ಯನ ಮನಸ್ಸು ಕರಗುತ್ತದೆ. ತಾಯಿ ಸಂಪ್ರದಾಯವನ್ನು ಮುಂದಿಟ್ಟೊಡನೆ ಆತ ಹಿಂಜರಿಯುತ್ತಾನೆ. ಮತಾಂತರವಾದರೆ ಭೂಮಿ ಸಿಗುತ್ತಿತ್ತು. ಹೊರಟ ಚೋಮನೂ ದಾರಿಯಲ್ಲಿ ಪಂಜುರ್ಲಿಯ ಮೇಲಿನ ಭಕ್ತಿಯಿಂದ ಮರಳುತ್ತಾನೆ. ಇಬ್ಬರಿಗೂ ತಮ್ಮ ತಮ್ಮ ಕೂಟದ ಕಟ್ಟನ್ನು ಮೀರಲಾಗಲಿಲ್ಲ. ಆದರೆ ಒಡೆಯನಿಗೆ ಉಳಿದದ್ದು ಮುಜುಗರ. ಚೋಮನಿಗೆ ಬದುಕೇ ಹೋಯಿತು. ಕಾದಂಬರಿಯ ನೋವಿರುವುದು ಈ ವ್ಯತ್ಯಾಸದಲ್ಲಿ.

ಗಡಿನಾಡಿನ ನಾವು ಭಾಷೆಗಾಗಿ ಒಗ್ಗಟ್ಟಾಗಿರಬೇಕು, ನಿಜ. ಆದರೆ ಆ ಒಗ್ಗಟ್ಟಿನ ಹೆಸರಿನಲ್ಲಿ ನಮ್ಮವರದೇ ಯಾರ ನೇಗಿಲನ್ನು ತಡೆದಿದ್ದೇವೆಂದು ಕೇಳಿಕೊಳ್ಳದಿದ್ದರೆ, ಕಾರಂತರನ್ನು ಓದಿಯೂ ಫಲವಿಲ್ಲ.