ಭೂಕಂಪ ಮತ್ತು ಪಾಪಫಲ: ಗಾಂಧೀಜಿ–ರವೀಂದ್ರರ ವಾದದ ವಿವೇಚನೆ

1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳಗಳಲ್ಲಿ ಸಂಭವಿಸಿದ ಭೂಕಂಪವು ಮುಂಗೇರ, ಮುಜಫ್ಫರಪುರ ಮೊದಲಾದ ಪಟ್ಟಣಗಳನ್ನು ಹಾಳುಗೆಡವಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆಗ ಹರಿಜನೋದ್ಧಾರಕ್ಕಾಗಿ ದೇಶಸಂಚಾರ ಕೈಗೊಂಡಿದ್ದ ಗಾಂಧೀಜಿಯವರು ಅದೇ ತಿಂಗಳ 24ರಂದು ತಿರುನೆಲ್ವೇಲಿಯಲ್ಲಿ, ಈ ವಿಪತ್ತು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೈವವು ವಿಧಿಸಿದ ದಂಡನೆಯೆಂಬ ಅಭಿಪ್ರಾಯವನ್ನು ಮುಂದಿಟ್ಟರು. ಇದಕ್ಕೆ ಬಂದ ಅತ್ಯಂತ ಗಂಭೀರವಾದ ಆಕ್ಷೇಪವು ಅಸ್ಪೃಶ್ಯತೆಯ ಸಮರ್ಥಕರದಲ್ಲ; ಅದನ್ನು ಗಾಂಧೀಜಿಯವರಂತೆಯೇ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರದು. ಈ ಚರ್ಚೆಯ ಮಹತ್ತ್ವವಿರುವುದು ಇಲ್ಲಿಯೇ.

ರವೀಂದ್ರರ ಆಕ್ಷೇಪದಲ್ಲಿ ಎರಡು ಅಂಶಗಳು ಮುಖ್ಯವಾದವು. ಭೌತಿಕ ಉತ್ಪಾತಗಳಿಗೆ ಭೌತಿಕ ಕಾರಣಗಳೇ ಇರುತ್ತವೆಂಬುದು ಮೊದಲನೆಯದು. ಇದೇ ತರ್ಕವನ್ನು ಪ್ರತಿಪಕ್ಷದವರೂ ಬಳಸಬಲ್ಲರೆಂಬುದು ಎರಡನೆಯದು. ಅಸ್ಪೃಶ್ಯತಾನಿವಾರಣೆಯ ಚಳವಳಿಯಿಂದಲೇ ದೈವಕೋಪವುಂಟಾಯಿತೆಂದು ಸನಾತನಿಗಳು ಹೇಳಿದರೆ, ಅದನ್ನು ಅಲ್ಲಗಳೆಯುವ ಬಗೆ ಯಾವುದು? ಭಾರತದ ಭೂಫಲಕವು ಯುರೇಷ್ಯಾದ ಫಲಕದ ಅಡಿಗೆ ನುಗ್ಗುತ್ತಿರುವುದರಿಂದ ಹಿಮಾಲಯದ ತಪ್ಪಲಿನಲ್ಲಿ ಭೂಮಿ ಕಂಪಿಸುತ್ತದೆಂಬ ವಿವರಣೆ ನೆಲೆಗೊಂಡದ್ದು 1960ರ ದಶಕದ ಫಲಕಸಿದ್ಧಾಂತದಿಂದ. ಅದು ರವೀಂದ್ರರಿಗೆ ಲಭ್ಯವಿರಲಿಲ್ಲ. ಆದರೂ ಅವರ ವಾದಕ್ಕೆ ಕುಂದಿಲ್ಲ. ನಿಜವಾದ ಕಾರಣದ ವಿವರ ತಿಳಿಯುವ ಮುನ್ನವೂ ಸಲ್ಲದ ಕಾರಣವನ್ನು ನಿರಾಕರಿಸುವ ಅಧಿಕಾರ ವಿವೇಕಕ್ಕುಂಟು.

ಈ ಆಕ್ಷೇಪವನ್ನು ಫೆಬ್ರವರಿ 16ರ ‘ಹರಿಜನ’ ಪತ್ರಿಕೆಯಲ್ಲಿ ತಾವೇ ಪ್ರಕಟಿಸಿ ಉತ್ತರಿಸಿದುದು ಗಾಂಧೀಜಿಯವರ ಹಿರಿಮೆ. ಜಡಚೇತನಗಳ ನಡುವೆ ಬಿಡದ ಸಂಬಂಧವುಂಟು. ಅದನ್ನು ಪ್ರಮಾಣಪೂರ್ವಕವಾಗಿ ಸಾಧಿಸಲಾಗದಿದ್ದರೂ ಆ ನಂಬಿಕೆ ಆತ್ಮಶುದ್ಧಿಗೆ ಪ್ರೇರಕ. ಅದು ನಿರಾಧಾರವೆಂದು ತೋರಿಬಂದರೂ ನಂಬಿದವರಿಗೆ ಹಿತವನ್ನೇ ಮಾಡಿರುತ್ತದೆ — ಇದು ಅವರ ಉತ್ತರದ ಸಾರ. ತನಗೊದಗಿದ ದುಃಖವನ್ನು ಆತ್ಮಪರೀಕ್ಷೆಗೆ ನಿಮಿತ್ತವಾಗಿಸಿಕೊಳ್ಳುವುದು ಸಾಧಕನಿಗೆ ಭೂಷಣವೇ ಸರಿ. ಆದರೆ ಅನ್ಯರ ಮರಣವನ್ನು ದಂಡನೆಯೆಂದು ಅರ್ಥೈಸುವುದು ಬೇರೆಯೇ ಮಾತು. ಕುಸಿದ ಮನೆಗಳ ಅಡಿಯಲ್ಲಿ ಅಸ್ಪೃಶ್ಯತೆಯನ್ನು ಆಚರಿಸಿದವರಂತೆ ಅದರಿಂದ ನೊಂದವರೂ ಮಡಿದರು. ಅನ್ಯಾಯಕ್ಕೆ ಗುರಿಯಾದವನ ಮೇಲೆಯೇ ಆ ಅನ್ಯಾಯದ ದಂಡನೆಯೂ ಎರಗುವುದಾದರೆ ಅದು ಧರ್ಮವೆನಿಸದು. ಗಾಂಧೀಜಿಯವರ ಉತ್ತರದಲ್ಲಿ ಈ ಪ್ರಶ್ನೆಗೆ ಸಮಾಧಾನ ದೊರೆಯುವುದಿಲ್ಲ.

ಅಸ್ಪೃಶ್ಯತೆ ಪಾಪವೆನಿಸಲು ಭೂಮಿ ನಡುಗಬೇಕಾದುದಿಲ್ಲ; ನಡುಗದಿದ್ದರೂ ಅದು ಪಾಪವೇ. ಸತ್ಕಾರ್ಯವನ್ನು ದುರ್ಬಲವಾದ ಹೇತುವಿನ ಮೇಲೆ ನಿಲ್ಲಿಸಿದರೆ, ಹೇತು ಕುಸಿದ ದಿನ ಕಾರ್ಯಕ್ಕೂ ಧಕ್ಕೆಯೊದಗುತ್ತದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆ ವಿಧಿ ಇರುವುದು ಸಮಾನತೆಯ ಹಕ್ಕಿನ ಪ್ರಕರಣದಲ್ಲಿ. ಗಾಂಧೀಜಿಯವರ ಧ್ಯೇಯಕ್ಕೆ ಭದ್ರವಾದ ಆಧಾರ ದೊರೆತದ್ದು ದೈವಕೋಪದ ಭಯದಲ್ಲಲ್ಲ, ಮನುಷ್ಯಸಮಾನತೆಯ ತತ್ತ್ವದಲ್ಲಿ.